ಪಾವಲಿಗೆ ಒಂದೂವರೆ ಲಕ್ಷ ಯಾರೂ ಕೊಡುವುದಿಲ್ಲ

"ಮೋನೇ, ಖಡ್ಗಮೃಗದ ಪಾವಲಿಗೆ ಒಂದೂವರೆ ಲಕ್ಷ ಕೊಡ್ತಾರಂತೆ, ಹೌದಾ?"

ನೆರೆಮನೆಯ ಉಮ್ಮ ಹೀಗೆ ಕೇಳುವಾಗ ತಡವಾಗಿತ್ತು. ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ ಅವರು ಫೋನ್ ಮಾಡಿದ್ದರು. ಮೊದಲು ರಿಜಿಸ್ಟ್ರೇಷನ್‌ಗೆಂದು 850 ರೂಪಾಯಿ, ಆಮೇಲೆ ತೆರಿಗೆಗೆಂದು 4,500 ರೂಪಾಯಿ ಕಳಿಸಿದ್ದರು. ಬೀಡಿ ಕಟ್ಟಿ ಉಳಿಸಿದ ದುಡ್ಡು. ಈಗ ಆ ನಂಬರು ಸ್ವಿಚ್ ಆಫ್. ಗಲ್ಫಿನಲ್ಲಿರುವ ಮಗನಿಗೆ ಹೇಳಲು ನಾಚಿಕೆ.

ನಮ್ಮ ಮನೆಗಳ ಹಳೆಯ ಡಬ್ಬಿಗಳಲ್ಲಿ ಒಂದೆರಡು ಪಾವಲಿ ಇದ್ದೇ ಇರುತ್ತದೆ. ಅದರ ನಿಜವಾದ ಬೆಲೆ ಮನೆಯವರಿಗೆ ಗೊತ್ತಿದ್ದರೆ ಇಂಥ ಮೋಸ ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಖಡ್ಗಮೃಗದ ಚಿತ್ರವಿರುವ 25 ಪೈಸೆ 1988ರಿಂದ 2002ರವರೆಗೆ ಬಂದ ಸ್ಟೀಲಿನ ನಾಣ್ಯ. ರಾಶಿ ರಾಶಿಯಾಗಿ ಟಂಕಿಸಿದ್ದು, ಎಲ್ಲರ ಮನೆಯಲ್ಲೂ ಸಿಗುತ್ತದೆ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆಯೇ ನಿಂತಿದೆ. ಅಂಗಡಿಯಲ್ಲಿ ಅದಕ್ಕೆ ಒಂದು ಮಿಠಾಯಿಯೂ ಬಾರದು. ಸಂಗ್ರಹಕಾರರೂ ಸವೆದ ಸಾಮಾನ್ಯ ನಾಣ್ಯಕ್ಕೆ ಕೆಲವೇ ರೂಪಾಯಿ ಕೊಟ್ಟಾರು.

ಹಾಗೆಂದು ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ಬೆಳ್ಳಿಯ ನಾಲ್ಕಾಣೆ 2.92 ಗ್ರಾಂ ತೂಗುತ್ತದೆ. ನೂರರಲ್ಲಿ ಸುಮಾರು 92 ಪಾಲು ಬೆಳ್ಳಿ. ಅಂದರೆ ಒಂದರಲ್ಲಿ 2.67 ಗ್ರಾಂ ಬೆಳ್ಳಿಯಿದೆ. ಗ್ರಾಮಿಗೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೂ 267 ರೂಪಾಯಿ ಆಯಿತು. ಯುದ್ಧಕಾಲದ 1943, 44, 45ರ ನಾಣ್ಯದಲ್ಲಿ ಬೆಳ್ಳಿ ಅರ್ಧದಷ್ಟೇ. 1946ರಿಂದ ಬಂದದ್ದು ನಿಕ್ಕಲ್. ಸಂಶಯ ಬಂದರೆ ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಅದು ಬೆಳ್ಳಿಯಲ್ಲ.

ಬೆಳ್ಳಿಯ ಬೆಲೆಗಿಂತ ಹೆಚ್ಚು ಸಿಗಬೇಕಾದರೆ ಆ ವರ್ಷದ ನಾಣ್ಯ ಅಪರೂಪದ್ದಾಗಿರಬೇಕು, ಅಕ್ಷರ, ಮುಖ ಸವೆದಿರಬಾರದು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದದ್ದಕ್ಕೆ ಬೆಳ್ಳಿಯ ಬೆಲೆ ಮಾತ್ರ. ಹುಣಸೆಹುಳಿ ಹಾಕಿ ಉಜ್ಜಿ ಹೊಳಪು ಮಾಡಲೂ ಹೋಗಬೇಡಿ, ಬೆಲೆ ಇಳಿಯುತ್ತದೆ. ಗಲ್ಫಿಗೆ ಹೋಗುವವರಿಗೆ ಒಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಪೆಟ್ಟಿಗೆಯಲ್ಲಿ ಹಾಕಿ ದೇಶದ ಹೊರಗೆ ಒಯ್ಯುವಂತಿಲ್ಲ.

ಮಾರುವುದಾದರೆ ಎರಡು ಮೂರು ಕಡೆ ನಾಣ್ಯವನ್ನು ಕೈಯಲ್ಲಿ ತೋರಿಸಿ ವಿಚಾರಿಸಿ. ಕೊಳ್ಳುವವನು ನಮಗೆ ದುಡ್ಡು ಕೊಡಬೇಕು, ನಾವು ಅವನಿಗೆ ಮೊದಲು ಕೊಡುವುದೆಂದರೆ ಎಲ್ಲಿಯ ವ್ಯಾಪಾರ? 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು-ನಾಣ್ಯಗಳ ಖರೀದಿಯಲ್ಲಿ ತಾನಿಲ್ಲ, ಅದಕ್ಕೆ ಶುಲ್ಕವಾಗಲಿ ಕಮಿಷನ್ ಆಗಲಿ ಕೇಳುವುದಿಲ್ಲ ಎಂದು ಹೇಳಿದೆ. ದುಡ್ಡು ಹೋದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ದುಡ್ಡು ಮರಳಿ ಸಿಗುವುದು ಕಷ್ಟ.

ನಮ್ಮ ಮಕ್ಕಳಲ್ಲೂ ಒಂದು ತಪ್ಪಿದೆ. ಉಮ್ಮನಿಗೆ ಮೊಬೈಲ್ ತೆಗೆದುಕೊಟ್ಟೆವು, ದುಡ್ಡು ಕಳಿಸುವುದನ್ನೂ ಕಲಿಸಿಕೊಟ್ಟೆವು. ಯಾರಿಗೆ ಕಳಿಸಬಾರದು ಎಂದು ಹೇಳಿಕೊಡಲಿಲ್ಲ. ಈ ಶುಕ್ರವಾರ ಊಟ ಮುಗಿದ ಮೇಲೆ ಡಬ್ಬಿ ತೆರೆದು ಅವರ ಜೊತೆ ಕುಳಿತುಕೊಳ್ಳಿ. ಬೆಳ್ಳಿಯದ್ದು ಒಂದು ಕಡೆ, ಉಳಿದದ್ದು ಒಂದು ಕಡೆ ಇಡಿ. ಯಾವುದು ಯಾರ ಕಾಲದ್ದು, ಮನೆಗೆ ಹೇಗೆ ಬಂತು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಖಡ್ಗಮೃಗದ ಪಾವಲಿಯನ್ನು ಮಕ್ಕಳ ಕೈಗೆ ಕೊಡಿ, ಆಡಿಕೊಳ್ಳಲಿ.