ಏನೋ ಒತ್ತಿಬಿಟ್ಟಿರಬೇಕು

ನಮ್ಮ ಮನೆಯಲ್ಲಿ ಮಿಕ್ಸಿ ಸುಟ್ಟರೆ ನಾನೇ ಉದ್ದು ಜಾಸ್ತಿ ಹಾಕಿರುತ್ತೇನೆ. ಕುಕ್ಕರಿನ ಗ್ಯಾಸ್ಕೆಟ್ ಹರಿದರೆ ನಾನೇ ಉರಿ ಜೋರು ಮಾಡಿರುತ್ತೇನೆ. ಕಂಪ್ಯೂಟರ್ ನಿಧಾನವಾದರೆ ಮಾತ್ರ ಅಪರಾಧಕ್ಕೆ ಹೆಸರಿಲ್ಲ. ನಾನು "ಏನೋ ಒತ್ತಿಬಿಟ್ಟಿರಬೇಕು", ಅಷ್ಟೆ. ಆ "ಏನೋ" ಏನೆಂದು ಹನ್ನೊಂದು ವರ್ಷದಲ್ಲಿ ನಮ್ಮ ಮನೆಯ ಗಂಡಸರು ಒಬ್ಬರೂ ಬಿಡಿಸಿ ಹೇಳಿದವರಲ್ಲ.

ನಮ್ಮದು ಸಾಸ್ವೆಹಳ್ಳಿ. ಏತ ನೀರಾವರಿ ಯೋಜನೆಯ ಹೆಸರಿನ ಜೊತೆ ಪತ್ರಿಕೆಗಳಲ್ಲಿ ನಮ್ಮೂರ ಹೆಸರು ಓದಿರುತ್ತೀರಿ. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದೆವು, ಆಮೇಲೆ ದಾವಣಗೆರೆಗೆ ಸೇರಿದೆವು. ಕಂಪ್ಯೂಟರ್ ಕೆಟ್ಟರೆ ಹೊನ್ನಾಳಿಗೋ ಶಿವಮೊಗ್ಗಕ್ಕೋ ಬಸ್ಸು ಹಿಡಿಯಬೇಕು, ಮಡಿಲಲ್ಲಿ ಕೂಸನ್ನು ಕೂರಿಸಿಕೊಂಡ ಹಾಗೆ ಡಬ್ಬವನ್ನು ಕೂರಿಸಿಕೊಂಡು.

2014ರಲ್ಲಿ ಮಗನ ಓದಿಗೆಂದು ತಂದ ಯಂತ್ರ ಅದು. ಮಗ ಓದಿ ಬೆಂಗಳೂರಿಗೆ ಹೋದ, ಯಂತ್ರ ನನಗೆ ಉಳಿಯಿತು. ಅದರಲ್ಲಿ ನಮ್ಮ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕವಿದೆ. ಅದಕ್ಕಿಂತ ಹೆಚ್ಚಾಗಿ, ನನ್ನ ತಾಯಿ ಹೇಳಿಕೊಟ್ಟ ಸೋಬಾನೆ ಪದಗಳಿವೆ. ಅವರು ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತ ಹೇಳುವುದು, ನಾನು ನುಡಿ ತಂತ್ರಾಂಶದಲ್ಲಿ ಕುಟ್ಟುವುದು. ಎರಡು ಚಳಿಗಾಲ ಹೀಗೇ ಕಳೆಯಿತು. ಮೂರನೆಯ ಚಳಿಗಾಲಕ್ಕೆ ಅವರಿರಲಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದದ್ದನ್ನು ಮೊಬೈಲಿಗೆ ಕಳಿಸಿದರೆ ಕನ್ನಡ ಕಾಣುವುದಿಲ್ಲ, ಅಡ್ಡಾದಿಡ್ಡಿ ಚಿಹ್ನೆಗಳು ಕಾಣುತ್ತವೆ. ಹಾಗಾಗಿ "ಈಗೆಲ್ಲ ಮೊಬೈಲಿನಲ್ಲೇ ಆಗುತ್ತಲ್ಲ" ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಎಲ್ಲ ಆಗುವುದಿಲ್ಲ.

2025ರ ಬೇಸಿಗೆಗೆ ಈ ಯಂತ್ರ ಒತ್ತಿದ ಮೇಲೆ ಏಳಲು ಆರು ನಿಮಿಷ ತೆಗೆದುಕೊಳ್ಳತೊಡಗಿತು. ಸ್ವಿಚ್ಚು ಹಾಕಿ, ಕಾಫಿ ಕಾಸಿ, ಕುಡಿದು, ಲೋಟ ತೊಳೆದು ಬಂದರೂ ಇನ್ನೂ ಚಕ್ರ ಸುತ್ತುತ್ತಿರುತ್ತಿತ್ತು. ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಬಿಸಾಕಮ್ಮ ಅದನ್ನ." ಅಂಗಡಿಗೆ ಒಯ್ದೆ. ಅಂಗಡಿಯವರು ಡಬ್ಬದ ಮುಚ್ಚಳ ತೆಗೆಯಲಿಲ್ಲ. ಹಿಂದಿನ ಚೀಟಿ ನೋಡಿದರು.

"ಅಕ್ಕಾ, 2014ರ ಮಾಲು. ಅಕ್ಟೋಬರಿಗೆ ವಿಂಡೋಸ್ 10ರ ಕಥೆ ಮುಗೀತದೆ. ಇದಕ್ಕೆ 11 ಹತ್ತೋದಿಲ್ಲ. 42 ಸಾವಿರಕ್ಕೆ ಹೊಸದು ಕೊಡ್ತೀನಿ, ಹಳೇದಕ್ಕೆ 1,500 ಹಿಡ್ಕೊಳ್ತೀನಿ."

"ಒಳಗಿರೋದು?"

"ಬೇಕಾಗಿದ್ದು ಏನಾದ್ರೂ ಇದ್ರೆ ಹೇಳಿ, ಪೆನ್‌ಡ್ರೈವಿಗೆ ಹಾಕ್ಕೊಡೋಣ."

ಬೇಕಾಗಿದ್ದು ಏನಾದರೂ ಇದ್ದರೆ! ನನಗೆ ಸಿಟ್ಟು ಬಂದದ್ದು 42 ಸಾವಿರಕ್ಕಲ್ಲ, ಈ ಮಾತಿಗೆ. ಐವತ್ತು ದಾಟಿದ ಹೆಂಗಸಿನ ಕಂಪ್ಯೂಟರಿನಲ್ಲಿ ಬೇಕಾದದ್ದು ಏನಿದ್ದೀತು ಎಂಬ ಧೈರ್ಯ ಅದರಲ್ಲಿತ್ತು. ಡಬ್ಬ ಎತ್ತಿಕೊಂಡು ಮರುಬಸ್ಸಿಗೆ ಬಂದೆ.

ದಾರಿಯುದ್ದಕ್ಕೂ ಗದ್ದೆ, ತೋಟ. ಅಲ್ಲಲ್ಲಿ ಪಂಪ್‌ಸೆಟ್ಟು. ನೀವೇ ಹೇಳಿ, ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ನಮ್ಮ ರೈತರು ಏನು ಮಾಡುತ್ತಾರೆ? ಬಾವಿಗೆ ಎಸೆಯುತ್ತಾರೆಯೇ? ಬಿಚ್ಚಿಸುತ್ತಾರೆ, ತಂತಿ ಸುಟ್ಟಿದೆಯೋ ಬೇರಿಂಗ್ ಹೋಗಿದೆಯೋ ನೋಡಿಸುತ್ತಾರೆ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುತ್ತಾರೆ. ಮೋಟಾರಿಗೆ ಸಿಗುವ ಈ ನ್ಯಾಯ ಕಂಪ್ಯೂಟರಿಗೆ ಯಾಕಿಲ್ಲ? ಮೋಟಾರಿನ ವಿಷಯದಲ್ಲಿ ರೈತ ಪಕ್ಕದಲ್ಲೇ ನಿಂತು ನೋಡುತ್ತಾನೆ. ಕಂಪ್ಯೂಟರಿನ ವಿಷಯದಲ್ಲಿ ನಾವು ಕೌಂಟರಿನ ಈಚೆ ಪರ್ಸು ಹಿಡಿದು ನಿಲ್ಲುತ್ತೇವೆ. ಒಳಗೆ ಇಣುಕದವರಿಗೆ ಹೇಳಿದ್ದೇ ರೋಗ, ಕೇಳಿದ್ದೇ ದರ.

ಹಾಗಾದರೆ ಒಳಗೆ ನೋಡುವುದು ಹೇಗೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಈ ಮೂರು ಕೀ ಒಟ್ಟಿಗೆ ಒತ್ತಿ. (ಹೌದು, ಈ ಸಲ ನಾನು ನಿಜವಾಗಿಯೂ ಏನೋ ಒತ್ತಿದೆ.) ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಯಾರು ಎಷ್ಟು ತಿನ್ನುತ್ತಿದ್ದಾರೆಂಬ ಲೆಕ್ಕ ಅಲ್ಲಿದೆ. ನನ್ನದರಲ್ಲಿ ಪ್ರೊಸೆಸರ್ ಶೇಕಡಾ 20ರಲ್ಲಿ ಆರಾಮಾಗಿತ್ತು. ಮೆಮೊರಿ 93, ಡಿಸ್ಕ್ 100. ಅಂದರೆ ಮುದಿಯಾಯಿತು ಎಂದು ಬೈಸಿಕೊಂಡ ಮಿದುಳಿಗೆ ಏನೂ ಆಗಿರಲಿಲ್ಲ.

ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಮೆಮೊರಿ ಎಂದರೆ ಒಲೆಯ ಪಕ್ಕದ ಕಟ್ಟೆ, ಡಿಸ್ಕ್ ಎಂದರೆ ಅಟ್ಟ. ಕಟ್ಟೆ ತುಂಬಿದಾಗ ಕಂಪ್ಯೂಟರು ಕೆಲವು ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿ, ಬೇಕೆಂದಾಗ ಮತ್ತೆ ಇಳಿಸುತ್ತದೆ. ಸಾಸಿವೆ ಸಿಡಿಸುವ ಹೊತ್ತಿಗೆ ಇಂಗಿಗಾಗಿ ಏಣಿ ಹತ್ತಿದ ಹಾಗೆ. ಹಳೆಯ ಹಾರ್ಡ್‌ಡಿಸ್ಕ್ ನಿಜಕ್ಕೂ ತಿರುಗುವ ತಟ್ಟೆ. ಒಂದು ಮುಳ್ಳು ಅದರ ಮೇಲೆ ಓಡಾಡಿ ಹುಡುಕುತ್ತದೆ. ದಿನವಿಡೀ ಏಣಿ ಹತ್ತಿ ಇಳಿಯುವವಳಿಗೆ "ನೀನು ನಿಧಾನ" ಎಂದರೆ ಹೇಗಿರುತ್ತದೆ ಎನ್ನುವುದನ್ನು ಈ ಪುಸ್ತಕ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ.

ಕಟ್ಟೆಯ ಮೇಲೆ ಕೂತಿದ್ದವರು ಯಾರು? ಸ್ಟಾರ್ಟ್‌ಅಪ್ ಎಂಬ ಪಟ್ಟಿ ತೆಗೆದೆ. ಯಂತ್ರ ಏಳುತ್ತಲೇ ಹದಿನಾಲ್ಕು ಪ್ರೋಗ್ರಾಮುಗಳು ಕರೆಯದೆ ಬಂದು ಎಲೆ ಹಾಕಿಸಿಕೊಳ್ಳುತ್ತಿದ್ದವು. ಈಗ ಮನೆಯಲ್ಲೇ ಇಲ್ಲದ ಪ್ರಿಂಟರಿನದೊಂದು, ಮಗನ ಆಟದ್ದೊಂದು, ಜೊತೆಗೆ ಎರಡು ಆಂಟಿವೈರಸ್ಸು. ಎರಡೂ ಒಂದೇ ಫೈಲನ್ನು ಸರದಿಯಲ್ಲಿ ಜಾಲಾಡುತ್ತಿದ್ದವು. ಇವನ್ನೆಲ್ಲ ಹಾಕಿದವಳು ನಾನಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಹನ್ನೊಂದನ್ನು ನಿಲ್ಲಿಸಿದೆ, ಒಂದು ಆಂಟಿವೈರಸ್ ತೆಗೆದೆ. ಖರ್ಚು ಸೊನ್ನೆ. ಆರು ನಿಮಿಷ ನಾಲ್ಕಕ್ಕಿಳಿಯಿತು.

ಇಲ್ಲೇ ಒಂದು ಎಚ್ಚರಿಕೆ. ನಿಧಾನವೆಂದ ಕೂಡಲೇ ಮೆಮೊರಿ ಕೊಳ್ಳುವುದೂ ಮೂಢನಂಬಿಕೆಯೇ. ಮದುವೆಗೆ ಮುಂಚೆ, 1999ರಲ್ಲಿ, ಕಾಲೇಜು ಕಚೇರಿಯೊಂದರಲ್ಲಿ ನಾನು ವಿಂಡೋಸ್ 98ರ ಮುಂದೆ ಕೂತವಳು. ನಾಲ್ಕು ಕಿಟಕಿ ತೆರೆದರೆ ಸಂಪನ್ಮೂಲ ಮುಗಿಯಿತು ಎಂಬ ಸಂದೇಶ ಬರುತ್ತಿತ್ತು. ಮೆಮೊರಿ ಹೆಚ್ಚಿಸಿದರೂ ಅದು ನಿಲ್ಲಲಿಲ್ಲ. ಕಿಟಕಿ, ಚಿತ್ರ, ಅಕ್ಷರಗಳ ಲೆಕ್ಕ ಇಡಲು ಆ ವಿಂಡೋಸಿನೊಳಗೆ ಬರೀ 64 ಕಿಲೋಬೈಟಿನ ಪುಟ್ಟ ಗೂಡುಗಳಿದ್ದವು. ಮನೆ ಎಷ್ಟು ದೊಡ್ಡದಾದರೂ ಗೂಡು ಹಿಗ್ಗುತ್ತಿರಲಿಲ್ಲ. ಕೆಲವು ಕಿಟಕಿ ಮುಚ್ಚಿ ಮತ್ತೆ ಶುರು ಮಾಡುವುದೇ ಮದ್ದಾಗಿತ್ತು. ಆದ್ದರಿಂದ ಮೊದಲು ಕಾರಣ, ಆಮೇಲೆ ಕಾಸು.

ಓರಗಿತ್ತಿಯ ಮಗಳು ಡಿಪ್ಲೊಮಾ ಓದುತ್ತಾಳೆ. "ದೊಡ್ಡಮ್ಮ, ಮೊದಲು ಪದಗಳನ್ನ, ಲೆಕ್ಕಾನ ಬೇರೆ ಡಿಸ್ಕಿಗೆ ನಕಲು ಮಾಡ್ಕೊಳ್ಳಿ, ಆಮೇಲೆ ಬಿಚ್ಚೋಣ" ಎಂದಳು. ಪ್ಲಗ್ಗು ಕಿತ್ತು ಮುಚ್ಚಳ ತೆಗೆದೆವು. ಫ್ಯಾನಿನ ತುಂಬ ಹತ್ತಿಯಂಥ ಧೂಳು. ಗಾಳಿಯಾಡದೆ ಕಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದಂತೆ. ಮೆತ್ತನೆಯ ಬ್ರಷ್ಷಿನಿಂದ ಒರೆಸಿದೆವು. ಇದ್ದ ಮೆಮೊರಿ 2 ಜಿಬಿ. ಅದು ಡಿಡಿಆರ್3 ಜಾತಿಯದು, ಡಿಡಿಆರ್4 ಅದರ ಸೀಳಿಗೆ ಕೂರುವುದೇ ಇಲ್ಲ ಎಂದು ಅವಳು ತೋರಿಸಿದಳು. ವಿಂಡೋಸ್ 64 ಬಿಟ್ಟಿನದೋ ಎಂದೂ ನೋಡಿದೆವು, 32 ಆದರೆ 4 ಜಿಬಿಗಿಂತ ಹೆಚ್ಚು ಹಾಕಿ ಲಾಭವಿಲ್ಲ. 8 ಜಿಬಿ ಮೆಮೊರಿ, ತಿರುಗುವ ತಟ್ಟೆಯ ಬದಲು ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ, ಎರಡಕ್ಕೂ ಸೇರಿ ಮೂರು ಸಾವಿರ ಮುಟ್ಟಲಿಲ್ಲ. ಹಳೆಯ ಡಿಸ್ಕನ್ನು ಸೀರೆಯ ಬೀರುವಿನಲ್ಲಿಟ್ಟೆ. ಈಗ ಕಾಫಿ ಕಾಸಲು ಹೋಗುವಷ್ಟು ಬಿಡುವು ಅದು ನನಗೆ ಕೊಡುವುದಿಲ್ಲ.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಒಪ್ಪುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತು. ಆದರೆ ಅಂದು ಯಂತ್ರಗಳೇನೂ ಸಾಯಲಿಲ್ಲ, ರಕ್ಷಣೆಯ ತೇಪೆಗಳು ನಿಂತವು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುವ ಏರ್ಪಾಡನ್ನು ಕಂಪನಿಯೇ ಮಾಡಿತು. ಅದಾದ ಮೇಲೆ ಪುಕ್ಕಟೆಯಾದ ಲಿನಕ್ಸ್ ಇದೆ. ತೇಪೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಡಿಸ್ಕ್ ಟಕಟಕ ಸದ್ದು ಮಾಡಿದರೆ, ಬೋರ್ಡೇ ಸುಟ್ಟಿದ್ದರೆ, ಬೀಳ್ಕೊಡಲೇಬೇಕು, ಅದೂ ಗುಜರಿಗಲ್ಲ, ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹಾಕಿತು. ಸರಿಯಾಗಿ ಮರುಬಳಕೆಗೆ ಹೋದ ಲೆಕ್ಕ ಸಿಕ್ಕಿದ್ದು ಶೇಕಡಾ 22.3ಕ್ಕೆ ಮಾತ್ರ. ಈ ಗುಡ್ಡದಲ್ಲಿ ಮುಚ್ಚಳವನ್ನೂ ತೆಗೆಯದೆ ಎಸೆದವು ಎಷ್ಟಿರಬಹುದು?

ಬೈಯುವುದಾದರೆ ನಮ್ಮನ್ನೂ ಬೈದುಕೊಳ್ಳೋಣ. "ನಂಗೆ ಇದೆಲ್ಲ ಗೊತ್ತಾಗಲ್ಲಪ್ಪ" ಎಂಬ ಮಾತನ್ನು ನಾವು ವಿನಯವೆಂದುಕೊಂಡು ಆಡುತ್ತೇವೆ. ಅದು ವಿನಯವಲ್ಲ, ನಮ್ಮ ಮೇಲೆ ನಾವೇ ಸಹಿ ಹಾಕಿಕೊಟ್ಟ ಖಾಲಿ ಚೆಕ್ಕು. ಸಂಘದ ಬಡ್ಡಿಯನ್ನು ಪೈಸೆಗೆ ಸರಿಯಾಗಿ ಹಾಕುವವರಿಗೆ ಶೇಕಡಾ 93 ಎಂದರೇನೆಂದು ಗೊತ್ತಾಗದೇ?

ಮೊನ್ನೆ ನಮ್ಮ ಯಜಮಾನರು ಮೊಬೈಲ್ ಹಿಡಿದು ಬಂದರು. "ಯಾಕೋ ಭಾರಿ ನಿಧಾನ ಆಗೇತೆ ಕಣೇ." ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಕೈ ಒರೆಸಿಕೊಂಡು, "ಕೊಡಿ, ನೋಡೋಣ" ಎಂದೆ.