ಮನುಷ್ಯನಿಗೆ ಪರವಾನಗಿ, ನೀಲಗಿರಿಗೆ ಸ್ವಾಗತ

ಹಾವೇರಿಯ ನೆರೆಯ ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ ತಂಗಬಯಸುವ ವಿದೇಶಿ ಪ್ರವಾಸಿಗೆ ವೀಸಾ ಒಂದೇ ಸಾಲದು. ಕೇಂದ್ರ ಗೃಹ ಇಲಾಖೆಯ ಸಂರಕ್ಷಿತ ಪ್ರದೇಶ ಪರವಾನಗಿಯೂ ಬೇಕು. ನಾಲ್ಕು ದಿನ ಇದ್ದು ಹೋಗುವವನಿಗೆ ಇಷ್ಟು ತಪಾಸಣೆ. ಆಸ್ಟ್ರೇಲಿಯಾದಿಂದ ಬಂದು ಇಲ್ಲಿಯೇ ಬೇರೂರಿದ ನೀಲಗಿರಿಗೆ ಯಾರು ಪರವಾನಗಿ ಕೇಳಿದರು?

ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಅಭಯಾರಣ್ಯ 1974ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿತವಾಯಿತು. ಕೃಷ್ಣಮೃಗ ಹುಲ್ಲುಬಯಲಿನ ಜೀವಿ. ಅದರ ನೆಲದ ಬಹುಭಾಗದಲ್ಲಿ ನಿಂತದ್ದು ನೀಲಗಿರಿ ನೆಡುತೋಪು. 1984ರಲ್ಲಿ ಸರಕಾರ ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಹಳ್ಳಿಗಳ ಸಾಮೂಹಿಕ ಭೂಮಿಯನ್ನು ನೀಲಗಿರಿಗೆ ಒಪ್ಪಿಸಹೊರಟಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತು, ತಮಗೆ ಬೇಕಾದವನ್ನು ನೆಟ್ಟರು. ಆ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಿಂದ ಬೆಳೆದ ಹೋರಾಟದ ಫಲವಾಗಿ 1991ರಲ್ಲಿ ಕಂಪನಿಯೇ ಮುಚ್ಚಿತು. ರಾಜ್ಯ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಕುಸನೂರಿಗಿಂತ 30 ವರ್ಷ ತಡವಾಗಿ.

ಪರದೇಶದ್ದೆಲ್ಲ ವೈರಿಯಲ್ಲ. ಬ್ಯಾಡಗಿಯ ಹೆಸರನ್ನು ಲೋಕಕ್ಕೆ ಸಾರಿದ ಮೆಣಸಿನಕಾಯಿಯ ಮೂಲವೂ ಅಮೆರಿಕವೇ. ಆದರೆ ಅದನ್ನು ರೈತನು ತಾನೇ ಆರಿಸಿ ಹೊಲಕ್ಕೆ ಕರೆದನು, ನೀಲಗಿರಿಯನ್ನು ಹೇರಲಾಯಿತು. ಪ್ರಶ್ನೆ ಹುಟ್ಟೂರಿನದಲ್ಲ, ಒಪ್ಪಿಗೆಯದು.

2002ರ ಜೀವವೈವಿಧ್ಯ ಕಾಯ್ದೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಆ ಸಮಿತಿಗಳು ಕಾಗದದಿಂದ ಕೆಳಗಿಳಿಯಲಿ. ಗೋಮಾಳದಲ್ಲಿ ಒಂದು ಗುಂಡಿ ತೋಡುವ ಮುನ್ನ, ಯಾವ ಸಸಿ, ಯಾರ ಲಾಭಕ್ಕೆ ಎಂದು ಗ್ರಾಮಸಭೆ ಕೇಳಲಿ. ದೇಶದ ಬಾಗಿಲಿಗೆ ಮುದ್ರೆ ಇರುವಾಗ ಊರಿನ ಬಾಗಿಲಿಗೇಕೆ ಇಲ್ಲ?