ಕಾಲಿನ ಡಾಕ್ಟರಾಗಬೇಕಂತೆ!



ಸಂಕ್ರಾಂತಿಯ ಮರುದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕಟ್ಟಿಕೊಂಡು ಬನಹಟ್ಟಿಯಿಂದ ನನ್ನ ತಂಗಿ ಜಮಖಂಡಿಗೆ ಬಂದಳು. ಜೊತೆಗೆ ಮಗಳು. ಎಳ್ಳು-ಬೆಲ್ಲ ಕೈಗೆ ಹಾಕುವ ಮೊದಲೇ ತಂಗಿ ಕಣ್ಣೊರೆಸಿಕೊಂಡಳು. "ಅಕ್ಕಾ, ಈಕಿ ಬಿ.ಎಸ್ಸಿ. ಬಿಡ್ತೀನಿ ಅಂತಾಳ. ಕಾಲಿನ ಡಾಕ್ಟರ್ ಆಗ್ತಾಳಂತ. ನೀನರ ಒಂದೀಟು ಬುದ್ಧಿ ಹೇಳವಾ."

ಕಣ್ಣಿಗೆ, ಹಲ್ಲಿಗೆ ಬೇರೆ ಡಾಕ್ಟರರಿರುವುದು ಗೊತ್ತು. ಕಾಲಿಗೂ ಬೇರೆಯೇ? ಎಸ್ಸೆಸ್ಸೆಲ್ಸಿ ಮುಗಿಸಿ ಒಲೆ ಮುಂದೆ ಕೂತ ನನಗೆ ನಗು ಬಂತು. ಹುಡುಗಿಯ ಮುಖ ನೋಡಿ ಆ ನಗು ನುಂಗಿಕೊಂಡೆ.

ಅವಳ ಅಜ್ಜ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೈಮಗ್ಗದಲ್ಲಿ ಸೀರೆ ನೇಯ್ದವರು. ಸಕ್ಕರೆ ಕಾಯಿಲೆ ಹಳೆಯದು. ಹೋದ ವರ್ಷ ಪಾದ ಜೋಮು ಹಿಡಿದಿದೆ ಅಂದರು. ಮನೆಯವರು ಪ್ರೀತಿಯಿಂದಲೇ ಬಿಸಿ ಇಟ್ಟಿಗೆಗೆ ಬಟ್ಟೆ ಸುತ್ತಿ ಕಾವು ಕೊಟ್ಟರು. ಸ್ಪರ್ಶವಿಲ್ಲದ ಪಾದಕ್ಕೆ ಸುಟ್ಟದ್ದು ಗೊತ್ತಾಗಲಿಲ್ಲ. ಬೊಬ್ಬೆ ಹುಣ್ಣಾಯಿತು, ಹುಣ್ಣು ಕಪ್ಪಾಯಿತು, ಕಡೆಗೆ ಮೂರು ಬೆರಳು ಹೋದವು. "ಮೊದಲ ಯಾರರ ಕಾಲು ನೋಡಿದ್ರ ಉಳೀತಿದ್ವು" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಅಂದ ಮಾತು ಈ ಹುಡುಗಿಯ ಎದೆಯಲ್ಲಿ ನಾಟಿದೆ. ದಿನವೂ ಅಜ್ಜನ ಗಾಯ ತೊಳೆದು ಪಟ್ಟಿ ಕಟ್ಟುವವಳು ಅವಳೇ. (ಸಕ್ಕರೆ ಇದ್ದವರ ಕಾಲಿಗೆ ಕಾವು ಕೊಡಬೇಡಿರಮ್ಮ, ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ರಾತ್ರಿ ಮಲಗುವಾಗ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ, ಬೆರಳ ಸಂದು ಒರೆಸಿ ಒಣಗಿಸಿ.)

ಇಷ್ಟರಲ್ಲಿ ಅಮೆರಿಕದಲ್ಲಿರುವ ಅವಳ ಕಾಕಾ ಫೋನಿನಲ್ಲಿ ಹೇಳಿದ್ದಾನೆ: ಅಲ್ಲಿ ಪಾದದ ವೈದ್ಯಕ್ಕೇ ಪ್ರತ್ಯೇಕ ಕಾಲೇಜುಗಳಿವೆ, ಪೊಡಿಯಾಟ್ರಿ ಅನ್ನುತ್ತಾರೆ. ನಾಲ್ಕು ವರ್ಷ ಓದು, ಆಮೇಲೆ ಮೂರು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಸೇರಲು ಎಂಕ್ಯಾಟ್ ಎಂಬ ಪರೀಕ್ಷೆ ಇದೆ. ಪದವಿ ಪೂರ್ತಿ ಆಗಿರಲೇಬೇಕೆಂದಿಲ್ಲ, ಮೂರು ವರ್ಷದ ಓದು, ಅಂದರೆ 90 ಕ್ರೆಡಿಟ್ ಇದ್ದರೂ ಅರ್ಜಿ ಹಾಕಬಹುದು. ಹುಡುಗಿ ಕೊನೆಯ ಮಾತನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ!

"ದೊಡ್ಡವ್ವಾ, ಬ್ಯಾಡಾದ ಡಿಗ್ರಿಗೆ ಯಾಕ ಟೈಮ್ ಹಾಳ ಮಾಡ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಇರಿಸಿಕೊಂಡು, ಪರಿಚಯದ ಕಾಲೇಜು ಮೇಷ್ಟ್ರನ್ನೂ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳನ್ನೂ ಕೇಳಿದೆವು. ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿದವರೇ. ನಮ್ಮ ದೇಶದ ಅಂಕಪಟ್ಟಿಯನ್ನು ಅವರ ಲೆಕ್ಕಕ್ಕೆ ತೂಗಿಸಬೇಕು, ಕೆಲವು ಕಾಲೇಜು ಅಲ್ಲಿಯೇ ಒಂದಷ್ಟು ವಿಷಯ ಓದಿರಬೇಕು ಅನ್ನುತ್ತವೆ. ಫೀಸು ವರ್ಷಕ್ಕೆ ಹತ್ತಾರು ಸಾವಿರ ಡಾಲರು. ಅಷ್ಟಾಗಿ ತಿರುಗಿ ಬಂದರೆ ಆ ಪದವಿ ನಮ್ಮಲ್ಲಿ ಎಂ.ಬಿ.ಬಿ.ಎಸ್.ಗೆ ಸಮನಲ್ಲ. ಬನಹಟ್ಟಿಯ ಅಜ್ಜಂದಿರ ಕಾಲು ನೋಡುವ ಆಸೆ ಇದ್ದವಳಿಗೆ ಇದು ಸುತ್ತು ದಾರಿ.

ಇಲ್ಲಿಯ ದಾರಿ ಬೇರೆ. ಹುಣ್ಣು, ಶಸ್ತ್ರಚಿಕಿತ್ಸೆ ಡಾಕ್ಟರರ ಕೆಲಸ. ಬೆಂಗಳೂರಿನ ಸರ್ಕಾರಿ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗವಿದೆ. 2021ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಪೊಡಿಯಾಟ್ರಿಸ್ಟ್ ಎಂಬ ಹೆಸರೂ ಸೇರಿದೆ, ಆದರೆ ಹೆಸರು ಬರೆದೊಡನೆ ಊರೂರಿಗೆ ಕಾಲೇಜು ಹುಟ್ಟುವುದಿಲ್ಲ. ಈ ಹುಡುಗಿಗೆ ಕೈಗೆಟಕುವುದು ಫಿಸಿಯೋಥೆರಪಿಯ ಬಿ.ಪಿ.ಟಿ., ಇಲ್ಲವೇ ಕೃತಕ ಕಾಲು, ವಿಶೇಷ ಚಪ್ಪಲಿ ಮಾಡಿಸುವ ಬಿ.ಪಿ.ಓ. ಬಿ.ಪಿ.ಟಿ.ಗೆ ನಾಲ್ಕು ವರ್ಷ ಓದು, ಮೇಲೆ ಇಂಟರ್ನ್‌ಶಿಪ್. ಸೇರಲು ಪದವಿ ಬೇಡ, ವಿಜ್ಞಾನದ ಪಿಯುಸಿ ಮೇಲೆಯೇ ಸೇರುವ ಓದು ಅದು!

"ನೋಡ್ರಿ, ನಾ ಹೇಳಿದ್ದ ಖರೆ ಆತು" ಎಂದು ಹುಡುಗಿ ಕುಣಿದಳು.

ಪಿಯುಸಿ ಆದಾಗಲೇ ಕೇಳಿದ್ದರೆ ನಾನೂ ನೇರ ಹೋಗು ಅನ್ನುತ್ತಿದ್ದೆ, ನಿಜ. ಈಗ ಐದು ಸೆಮಿಸ್ಟರ್ ಮುಗಿದಿವೆ, ಉಳಿದದ್ದು ಒಂದೇ. ಬಿ.ಪಿ.ಟಿ. ಪ್ರವೇಶವೋ ಮಳೆಗಾಲದ ಮಾತು. ಇವತ್ತು ಬಿಟ್ಟರೂ ಅಲ್ಲಿಯವರೆಗೆ ಮನೆಯಲ್ಲೇ ಕೂಡಬೇಕು. ಕಾಲೇಜು ಬಿಟ್ಟು ಉಳಿಸುವ ಸಮಯವಾದರೂ ಎಷ್ಟು? ಒಂದು ದಿನವೂ ಇಲ್ಲ!

ನಮ್ಮ ಓಣಿಯಲ್ಲಿ ಬೀಳಗಿ ಕಡೆಯ ಸೊಸೆಯೊಬ್ಬಳಿದ್ದಾಳೆ. ಕಡೆಯ ವರ್ಷದಲ್ಲಿ ಬಿ.ಎ. ಬಿಟ್ಟು, ಆರು ತಿಂಗಳಲ್ಲಿ ಆಸ್ಪತ್ರೆ ಕೆಲಸ ಗ್ಯಾರಂಟಿ ಎಂದ ಒಂದು ಕೋರ್ಸಿಗೆ ದುಡ್ಡು ಕಟ್ಟಿದಳು. ಆ ಸರ್ಟಿಫಿಕೇಟಿಗೆ ಮಾನ್ಯತೆಯೇ ಇರಲಿಲ್ಲ. ಈಗ ಅಂಗನವಾಡಿಯಿಂದ ಬ್ಯಾಂಕಿನವರೆಗೆ ಯಾವ ಅರ್ಜಿ ತುಂಬುವಾಗಲೂ "ವಿದ್ಯಾರ್ಹತೆ" ಅನ್ನುವ ಕಡೆ ಪಿಯುಸಿ ಎಂದೇ ಬರೆಯುತ್ತಾಳೆ. ಅವಳನ್ನೇ ಕರೆಸಿ ಚಹಾ ಕೊಟ್ಟೆ. ನಾನು ಹೇಳಿದ್ದಕ್ಕಿಂತ ಅವಳು ಹೇಳಿದ್ದು ಹುಡುಗಿಗೆ ತಾಗಿತು.

ತಂಗಿಯ ಚಿಂತೆ ಬೇರೆ. "ಡಿಗ್ರಿ ಮುಗಿಸಿ ಮತ್ತ ಐದು ವರ್ಷ ಅಂದ್ರ ಇಪ್ಪತ್ತಾರು ಆಗ್ತಾವ, ಗಂಡು ಎಲ್ಲಿ ಸಿಗತಾವ?" ಈ ಪ್ರಶ್ನೆಗೆ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಓದದಿದ್ದರೂ ಇಪ್ಪತ್ತಾರು ಆಗುತ್ತದೆಯಲ್ಲ! ನನಗೆ ಹದಿನೆಂಟಕ್ಕೇ ಆಯಿತು, ಏನು ಉಳಿಯಿತು ಅಂತ ಕೇಳಿದೆ. ಅವಳು ಮೋರೆ ತಿರುಗಿಸಿ ಕುಸುರೆಳ್ಳು ಆರಿಸುತ್ತ ಕೂತಳು. ಸಂಜೆವರೆಗೂ ಮಾತಿಲ್ಲ.

ಕೊನೆಗೆ ತಾಯಿ-ಮಗಳು ಒಂದಕ್ಕೆ ಒಪ್ಪಿದರು. ಆರನೆಯ ಸೆಮಿಸ್ಟರ್ ಮುಗಿಸುವುದು, ಆ ನಡುವೆಯೇ ಈ ವರ್ಷದ ಪ್ರವೇಶದ ನಿಯಮ ಏನೆಂದು ವಿಚಾರಿಸಿ ಅರ್ಜಿ ಹಾಕುವುದು, ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ನೋಡಿಯೇ ದುಡ್ಡು ಕಟ್ಟುವುದು. ಸೀಟು ಸಿಗದಿದ್ದರೆ ಬಿ.ಎಸ್ಸಿ. ಕೈಯಲ್ಲಿರುತ್ತದೆ. ಅಮೆರಿಕದ ಆಸೆ ಉಳಿದರೂ ಪೂರ್ತಿಯಾದ ಪದವಿಯ ಅಂಕಪಟ್ಟಿಗೇ ಬೆಲೆ ಜಾಸ್ತಿ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಪರೀಕ್ಷೆ ಫೀಸು ಕಟ್ಟಿ ಆಯಿತಂತೆ. ಹುಡುಗಿ ಉದ್ದ ಹಿಡಿಯ ಕನ್ನಡಿ ಒಂದು ತಂದು ಅಜ್ಜನ ಹಾಸಿಗೆಯ ಪಕ್ಕ ತೂಗುಹಾಕಿದ್ದಾಳೆ. "ಮಾವ ಅದರಾಗ ಮೀಸಿ ನೋಡ್ಕೋತಾರ ಅಕ್ಕಾ, ಅಂಗಾಲು ಬಿಟ್ಟು!" ಎಂದು ತಂಗಿ ನಗುತ್ತಿದ್ದಳು.